ಕೀಲುವಾತದ ರಕ್ತಪರೀಕ್ಷೆ ಬಂದ ದಾರಿ



ಎರಡು ವರ್ಷದ ಹಿಂದೆ ನಮ್ಮ ಬಳಗದಲ್ಲಿ ಒಂದು ಹೆಣ್ಣಿನ ಮದುವೆ ಮಾತುಕತೆ ಅರ್ಧಕ್ಕೆ ನಿಂತಿತು. ಹುಡುಗಿ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಲೆಕ್ಕ ಬರೆಯುವವಳು. ಜ್ವರ ಬಂದು ಹೋದ ಮೇಲೆ ಮಂಡಿ ನೋವೆಂದು ರಕ್ತ ಕೊಟ್ಟಿದ್ದಳು. ಬಂದ ಚೀಟಿಯಲ್ಲಿ 'ಆರ್.ಎ. ಫ್ಯಾಕ್ಟರ್ ಪಾಸಿಟಿವ್' ಎಂದಿತ್ತು. ಸುದ್ದಿ ಹೇಗೋ ಗಂಡಿನ ಮನೆ ಮುಟ್ಟಿತು. ತಮಿಳಿನಲ್ಲಿ ಮುಡಕ್ಕುವಾದಂ ಅನ್ನುತ್ತಾರಲ್ಲ, ಆ ಕಾಯಿಲೆಯ ಹೆಣ್ಣು, ನಾಳೆ ಕೈಕಾಲು ಮುದುಡಿದರೆ ನೋಡುವವರು ಯಾರು ಎಂದು ಅವರು ಹಿಂದೆಗೆದರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಇಂಗ್ಲಿಷ್ ಕಾಗದ ಓದಬಲ್ಲೆ ಎಂದು ಚೀಟಿಯನ್ನು ನನ್ನ ಮುಂದೆ ಇಟ್ಟರು. ಓದಿದೆ. ಅಕ್ಷರ ತಿಳಿಯಿತೇ ಹೊರತು ಅರ್ಥ ತಿಳಿಯಲಿಲ್ಲ. ಹತ್ತನೆಯ ತರಗತಿಯ ವಿಜ್ಞಾನವೇ ನನ್ನ ಬಂಡವಾಳ. ಆದರೂ ಹಟ ಹಿಡಿದು ಡಾಕ್ಟರುಗಳನ್ನು ಕೇಳಿ, ಪುಸ್ತಕ ನೋಡಿ, ಆ ಎರಡು ಪದ ಹುಟ್ಟಿದ ಕಥೆಯನ್ನು ತಿಳಿದುಕೊಂಡೆ. ಅದನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಎಂಬ ಜರ್ಮನಿಯವರೂ ಕಿತಾಸಾಟೊ ಎಂಬ ಜಪಾನಿನವರೂ ಸೇರಿ ಒಂದು ವಿಷಯ ಕಂಡುಹಿಡಿದರು. ಧನುರ್ವಾಯುವಿನ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟು ಪಳಗಿಸಿದ ಪ್ರಾಣಿಯ ರಕ್ತರಸವನ್ನು ಇನ್ನೊಂದು ಪ್ರಾಣಿಗೆ ಚುಚ್ಚಿದರೆ, ಅದಕ್ಕೂ ಆ ವಿಷ ತಾಗುವುದಿಲ್ಲ. ರಕ್ತರಸದಲ್ಲಿದ್ದ ಆ ಕಾಪಾಡುವ ವಸ್ತುವನ್ನೇ ಮುಂದೆ ಪ್ರತಿಕಾಯ ಎಂದು ಕರೆದರು. ಒಂದೊಂದು ರೋಗಾಣುವಿಗೂ ಅದನ್ನೇ ಗುರುತು ಹಿಡಿಯುವ ಬೇರೆಬೇರೆ ಪ್ರತಿಕಾಯಗಳು ನಮ್ಮ ಮೈಯಲ್ಲಿ ತಯಾರಾಗುತ್ತವೆ.

ಇದನ್ನು ನಾನು ನನ್ನ ಕಸುಬಿನ ಮಾತಿನಲ್ಲಿ ಅರ್ಥಮಾಡಿಕೊಂಡೆ. ಬ್ಯಾಂಕಿನಲ್ಲಿ ಪ್ರತಿಯೊಬ್ಬ ಖಾತೆದಾರರ ಮಾದರಿ ಸಹಿಯ ಕಾರ್ಡು ಇರುತ್ತದೆ. ಹಣ ಕೇಳಿ ಬಂದ ಚೀಟಿಯ ಸಹಿಯನ್ನು ಗುಮಾಸ್ತ ಕಾರ್ಡಿನ ಸಹಿಯೊಡನೆ ತಾಳೆ ನೋಡುತ್ತಾನೆ. ತಾಳೆಯಾದರೆ ನಮ್ಮವರು, ಆಗದಿದ್ದರೆ ಹೊರಗಿನವರು. ಮೈಯೊಳಗಿನ ಕಾವಲೂ ಹೀಗೆಯೇ ನಡೆಯುತ್ತದೆ. ತನ್ನದು ಯಾವುದು, ಪರರದು ಯಾವುದು ಎಂದು ಆಕಾರ ನೋಡಿ ತೀರ್ಮಾನಿಸುತ್ತದೆ.

ಕಾವಲುಗಾರನೇ ಮನೆಯವರ ಮೇಲೆ ಕೈ ಮಾಡಿದರೆ? ಈ ಪ್ರಶ್ನೆ ಆಗಲೇ ಹುಟ್ಟಿತ್ತು. 1900ರ ಆಸುಪಾಸಿನಲ್ಲಿ ಪೌಲ್ ಎರ್ಲಿಕ್ ಎಂಬ ಜರ್ಮನ್ ಪಂಡಿತರು ಆಡುಗಳಿಗೆ ಬೇರೆ ಆಡುಗಳ ರಕ್ತ ಚುಚ್ಚಿ ನೋಡಿದರು. ಆಡುಗಳಲ್ಲಿ ಬೇರೆ ಆಡಿನ ರಕ್ತವನ್ನು ಒಡೆಯುವ ಪ್ರತಿಕಾಯ ಹುಟ್ಟಿತು, ತಮ್ಮದೇ ರಕ್ತವನ್ನು ಒಡೆಯುವುದು ಹುಟ್ಟಲಿಲ್ಲ. ಜೀವಕ್ಕೆ ತನ್ನನ್ನು ತಾನೇ ಕೊಲ್ಲುವುದೆಂದರೆ ಸಹಜವಾದ ಭಯವಿದೆ ಎಂದು ಎರ್ಲಿಕ್ ಹೇಳಿದರು. ಅಂಥದು ನಡೆಯದಂತೆ ತಡೆ ಇದೆ ಎಂಬುದು ಅವರ ಮಾತು. ಹಿಂದೆ ಬಂದವರು ಅದನ್ನು 'ಅಂಥದು ಇರಲಾರದು' ಎಂದು ತಿರುಗಿಸಿಕೊಂಡರು. ದೊಡ್ಡವರ ಮಾತಿಗೆ ಶಿಷ್ಯರು ಗೋಡೆ ಕಟ್ಟುವುದು ವಿಜ್ಞಾನದಲ್ಲೂ ಉಂಟು.

1904ರಲ್ಲೇ ಆ ಗೋಡೆ ಬಿರುಕು ಬಿಡಬೇಕಿತ್ತು. ಚಳಿಗೆ ಮೈಯೊಡ್ಡಿದರೆ ಮೂತ್ರ ಕೆಂಪಾಗುವ ಒಂದು ರೋಗದಲ್ಲಿ, ರೋಗಿಯ ರಕ್ತಕಣಗಳನ್ನು ಅವನದೇ ಪ್ರತಿಕಾಯ ಒಡೆಯುತ್ತದೆ ಎಂದು ವಿಯೆನ್ನಾದಲ್ಲಿ ಡೊನಾತ್ ಮತ್ತು ಲ್ಯಾಂಡ್‌ಸ್ಟೈನರ್ ತೋರಿಸಿದರು. ರಕ್ತದ ಗುಂಪುಗಳನ್ನು ಕಂಡುಹಿಡಿದ ಲ್ಯಾಂಡ್‌ಸ್ಟೈನರ್ ಅವರೇ ಇವರು. ಆದರೂ ಇದೊಂದು ಅಪರೂಪದ ಸಂಗತಿ ಎಂದು ಬದಿಗಿಟ್ಟುಬಿಟ್ಟರು.

ಕೀಲುವಾತಕ್ಕೂ ಪ್ರತಿಕಾಯಕ್ಕೂ ಗಂಟು ಬಿದ್ದದ್ದು ನಾರ್ವೆ ದೇಶದಲ್ಲಿ. ಅಲ್ಲಿಯ ಎರಿಕ್ ವಾಲರ್ ಎಂಬ ವೈದ್ಯರು ಕುರಿಯ ರಕ್ತಕಣಗಳನ್ನು ಬಳಸಿ ಬೇರೆ ಯಾವುದೋ ಪರೀಕ್ಷೆ ಮಾಡುತ್ತಿದ್ದಾಗ, ಕೀಲುವಾತದ ಒಬ್ಬ ರೋಗಿಯ ರಕ್ತರಸ ಬಿದ್ದೊಡನೆ ಕಣಗಳೆಲ್ಲ ಗುಂಪುಗೂಡಿದವು. ಪರೀಕ್ಷೆ ಕೆಟ್ಟಿತೆಂದು ಚೆಲ್ಲಿಬಿಡಬಹುದಿತ್ತು. ವಾಲರ್ ಚೆಲ್ಲಲಿಲ್ಲ. ಇತರ ಕೀಲುವಾತದವರ ರಕ್ತವನ್ನೂ ನೋಡಿ 1940ರಲ್ಲಿ ಪ್ರಕಟಿಸಿದರು. ಅದೇ ವರ್ಷ ಏಪ್ರಿಲಿನಲ್ಲಿ ಜರ್ಮನ್ ಸೇನೆ ನಾರ್ವೆಗೆ ನುಗ್ಗಿತು. ಯುದ್ಧದ ಗದ್ದಲದಲ್ಲಿ ಆ ಬರಹವನ್ನು ಕೇಳುವವರಿರಲಿಲ್ಲ. 1948ರಲ್ಲಿ ಅಮೆರಿಕದಲ್ಲಿ ಹ್ಯಾರಿ ರೋಸ್ ಮತ್ತು ಸಂಗಡಿಗರು ಅದನ್ನೇ ಮತ್ತೆ ಕಂಡುಹಿಡಿದರು. ಇಂದಿಗೂ ಆ ಪರೀಕ್ಷೆಗೆ ವಾಲರ್-ರೋಸ್ ಇಬ್ಬರ ಹೆಸರೂ ಇದೆ. ಅದೇ 1948ರಲ್ಲಿ ಅಮೆರಿಕದ ಮೇಯೊ ಆಸ್ಪತ್ರೆಯಲ್ಲಿ ಹಾರ್‌ಗ್ರೇವ್ಸ್ ಎಂಬುವರು, ಮುಖದ ಮೇಲೆ ಕೆಂಪು ಮಚ್ಚೆ ಎದ್ದು ಕೀಲು, ಮೂತ್ರಪಿಂಡಗಳನ್ನು ಕೆಡಿಸುವ ಲೂಪಸ್ ರೋಗದಲ್ಲಿ ಒಂದು ವಿಚಿತ್ರ ಕಣವನ್ನು ಕಂಡರು. ಜೀವಕೋಶದ ತಿರುಳಿಗೇ ಅಂಟುವ ಪ್ರತಿಕಾಯದ ಕೆಲಸ ಅದೆಂದು ಆಮೇಲೆ ತಿಳಿಯಿತು.

1956ರಲ್ಲಿ ಎರಡು ಕೆಲಸ ಆದವು. ಸಿಂಗರ್ ಮತ್ತು ಪ್ಲಾಟ್ಸ್ ಎಂಬಿಬ್ಬರು ಕುರಿಯ ರಕ್ತದ ಬದಲು ಲೇಟೆಕ್ಸಿನ ಸೂಕ್ಷ್ಮ ಮಣಿಗಳನ್ನು ಬಳಸಿದರು. ಗಾಜಿನ ಮೇಲೆ ಒಂದು ಹನಿ ರಕ್ತರಸ, ಒಂದು ಹನಿ ಹಾಲಿನಂಥ ಲೇಟೆಕ್ಸ್. ಹಾಲು ಒಡೆದಂತೆ ತರಿತರಿಯಾದರೆ ಪಾಸಿಟಿವ್. ಇಷ್ಟು ಸುಲಭವಾದ್ದರಿಂದಲೇ ಈ ಪರೀಕ್ಷೆ ಸಣ್ಣ ಊರಿನ ರಕ್ತಪರೀಕ್ಷಾಲಯಕ್ಕೂ ಬಂದಿತು. ಇನ್ನೊಂದು ಕೆಲಸ ನೋಯೆಲ್ ರೋಸ್ ಮತ್ತು ವಿಟೆಬ್ಸ್‌ಕಿ ಅವರದು. ಮೊಲಗಳಿಗೆ ಅವುಗಳದೇ ಥೈರಾಯ್ಡ್ ಗ್ರಂಥಿಯ ಸಾರ ಕೊಟ್ಟಾಗ, ಅವು ತಮ್ಮ ಗ್ರಂಥಿಯನ್ನೇ ತಾವು ಹಾಳುಮಾಡಿಕೊಂಡವು. ವಿಟೆಬ್ಸ್‌ಕಿ ಎರ್ಲಿಕ್ ಅವರ ಶಿಷ್ಯನ ಶಿಷ್ಯ. ಗುರುಪರಂಪರೆಯ ಮಾತು ಸುಳ್ಳಾಗುವುದನ್ನು ಒಪ್ಪಲು ಅವರಿಗೆ ಕಷ್ಟವಾಯಿತಂತೆ. ಲಂಡನ್ನಿನಲ್ಲಿ ರೋಯಿಟ್, ಡೋನಿಯಾಕ್ ಮೊದಲಾದವರು ಅದೇ ವರ್ಷ ಮನುಷ್ಯರಲ್ಲೂ ಇದನ್ನೇ ಕಂಡ ಮೇಲೆ ಗೋಡೆ ಬಿತ್ತು.

ಹಾಗಾದರೆ 'ಆರ್.ಎ. ಫ್ಯಾಕ್ಟರ್' ಎಂದರೆ ಏನು? 1957ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಹೆನ್ರಿ ಕುಂಕೆಲ್ ಮತ್ತು ಸಂಗಡಿಗರು ಅದನ್ನು ಬಿಡಿಸಿ ತೋರಿಸಿದರು. ಅದು ಇನ್ನೊಂದು ಪ್ರತಿಕಾಯದ ಬಾಲಕ್ಕೆ ಅಂಟಿಕೊಳ್ಳುವ ಪ್ರತಿಕಾಯ. ಒಬ್ಬ ಗುಮಾಸ್ತ ಪಕ್ಕದ ಗುಮಾಸ್ತನನ್ನೇ ಕಳ್ಳನೆಂದು ಹಿಡಿದಂತೆ. ಹೀಗೆ ಅಂಟಿದ ಮುದ್ದೆಗಳು ಕೀಲಿನ ಒಳಪೊರೆಯಲ್ಲಿ ಸೇರಿದಾಗ ಬಿಳಿಯ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ, ಪೊರೆ ಬಾತು ದಪ್ಪವಾಗುತ್ತದೆ, ಕ್ರಮೇಣ ಮೆದು ಎಲುಬನ್ನೂ ಗಟ್ಟಿ ಎಲುಬನ್ನೂ ತಿನ್ನುತ್ತದೆ.

ತಿಂದ ಕೈಯನ್ನು ನಾನು ನೋಡಿದ್ದೇನೆ. 1980ರ ದಶಕದಲ್ಲಿ ನಾನು ಕೊಯಮತ್ತೂರು ಜಿಲ್ಲೆಯ ಒಂದು ಶಾಖೆಯಲ್ಲಿದ್ದೆ. ಕುಣಿಮಗ್ಗದ ಮನೆಯ ಒಬ್ಬ ಹೆಂಗಸು ಉಳಿತಾಯದ ಹಣ ತೆಗೆಯಲು ಬಂದರು. ಸಹಿ ಕಾರ್ಡಿನ ಸಹಿಗೆ ತಾಳೆಯಾಗಲಿಲ್ಲ. ಇನ್ನೊಮ್ಮೆ ಹಾಕಿ ಅಂದೆ. ಹಾಕಿದರು, ಇನ್ನೂ ಕೆಟ್ಟಿತು. ಮೂರನೆಯ ಸಲವೂ ಆಗದಿದ್ದಾಗ, ಕಿಟಕಿಯ ಮುಂದೆ ಸಾಲು ಬೆಳೆದಿದ್ದರಿಂದ ಚೀಟಿಯನ್ನು ಹಿಂದಕ್ಕೆ ತಳ್ಳಿದೆ. ಆಕೆ ಕೈಯನ್ನೇ ಎತ್ತಿ ತೋರಿಸಿದರು. ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು. 'ಕೈ ನಂದೇ ತಮ್ಮಾ, ನನ್ ಮಾತ್ ಕೇಳಲ್ಲ ಅಷ್ಟೆ' ಅಂದರು. ಆ ಹೊತ್ತು ಹಣವಿಲ್ಲದೆ ಹೋದರು. ಮರುದಿನ ಸಾಕ್ಷಿಯೊಡನೆ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಟ್ಟೆವು. ನಿಯಮ ಮೊದಲೇ ಇತ್ತು, ನನಗೆ ತೋಚಲಿಲ್ಲ.

ಈಗ ಆ ನೆನಪಿಗೆ ಇನ್ನೊಂದು ಅರ್ಥ ಬಂದಿದೆ. 1998ರಲ್ಲಿ ನೆದರ್‌ಲ್ಯಾಂಡ್ಸಿನ ವಾನ್ ವೆನ್‌ರೊಯ್ ಅವರ ಪ್ರಯೋಗಶಾಲೆಯವರು ಕೀಲುವಾತದ ಪ್ರತಿಕಾಯಗಳು ಯಾವುದನ್ನು ಹಿಡಿಯುತ್ತವೆ ಎಂದು ತೋರಿಸಿದರು. ನಮ್ಮ ಪ್ರೋಟೀನುಗಳಲ್ಲಿ ಆರ್ಜಿನಿನ್ ಎಂಬ ಒಂದು ತುಣುಕು ಇರುತ್ತದೆ. ಉರಿಯೂತವಾದಾಗ ಅದು ಕೊಂಚ ಬದಲಾಗಿ ಸಿಟ್ರುಲಿನ್ ಆಗುತ್ತದೆ. ಪ್ರೋಟೀನು ಅದೇ, ಸಹಿಯ ಬಾಲ ಮಾತ್ರ ಸ್ವಲ್ಪ ತಿರುಗಿದೆ. ಕಾವಲಿನವನು ಅದನ್ನು ಪರರದೆಂದು ಹಿಂದಕ್ಕೆ ತಳ್ಳುತ್ತಾನೆ. ಇದರಿಂದ ಹುಟ್ಟಿದ್ದೇ ಸಿ.ಸಿ.ಪಿ. ಪರೀಕ್ಷೆ. ಧೂಮಪಾನ ಮಾಡುವವರ ಶ್ವಾಸಕೋಶದಲ್ಲಿ ಈ ಬದಲಾವಣೆ ಹೆಚ್ಚು ಎಂದೂ ತಿಳಿದಿದೆ. ನೆದರ್‌ಲ್ಯಾಂಡ್ಸಿನಲ್ಲೇ 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮುಂದೆ ಕೀಲುವಾತ ಬಂದವರು ಹಿಂದೆ ದಾನ ಕೊಟ್ಟಿದ್ದ ರಕ್ತವನ್ನು ರಕ್ತನಿಧಿಯಿಂದ ತೆಗೆದು ನೋಡಿದರು. ಹಲವರ ರಕ್ತದಲ್ಲಿ ನೋವು ಶುರುವಾಗುವುದಕ್ಕೆ ವರ್ಷಗಳ ಮುಂಚೆಯೇ ಈ ಪ್ರತಿಕಾಯಗಳಿದ್ದವು.

ಇದನ್ನು ಕೇಳಿ ಹೆದರಬೇಡಿ, ಲೆಕ್ಕದ ಇನ್ನೊಂದು ಬದಿಯೂ ಇದೆ. ಆರ್.ಎ. ಫ್ಯಾಕ್ಟರ್ ಕೀಲುವಾತದವರಲ್ಲಿ ಸುಮಾರು 100ಕ್ಕೆ 70-80 ಮಂದಿಯಲ್ಲಿ ಮಾತ್ರ ಸಿಗುತ್ತದೆ. ಉಳಿದವರಿಗೆ ಚೀಟಿ 'ನೆಗೆಟಿವ್' ಎಂದರೂ ಕಾಯಿಲೆ ಇದ್ದೇ ಇರುತ್ತದೆ. ಆ ಕಡೆ ಕ್ಷಯ, ಕುಷ್ಠ, ಯಕೃತ್ತಿನ ಸೋಂಕು ಮುಂತಾದವುಗಳಲ್ಲೂ, ಏನೂ ಇಲ್ಲದ ಕೆಲವು ಮುದುಕರಲ್ಲೂ ಅದು ಪಾಸಿಟಿವ್ ಬರುತ್ತದೆ. ಮಕ್ಕಳ ಕೀಲುಜ್ವರದ ಎ.ಎಸ್.ಓ. ಪರೀಕ್ಷೆಯೂ ಹಾಗೆಯೇ. ಗಂಟಲಿಗೆ ಒಂದು ಬಗೆಯ ರೋಗಾಣು ಬಂದು ಹೋಗಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ. ಆ ರೋಗಾಣುವಿನ ಮೇಲೆ ಎದ್ದ ಪ್ರತಿಕಾಯ ದಾರಿ ತಪ್ಪಿ ಹೃದಯದ ಕವಾಟವನ್ನು ಹಿಡಿದರೆ ಮಾತ್ರ ಅನಾಹುತ. ದೊಡ್ಡವರಿಗೆ ಮಂಡಿ ನೋವೆಂದರೆ ಎ.ಎಸ್.ಓ. ಬರೆದುಕೊಡುವುದನ್ನು ನಾನೇ ಕಂಡಿದ್ದೇನೆ, ಏಕೆಂದು ಇನ್ನೂ ತಿಳಿದಿಲ್ಲ.

ಇಷ್ಟು ಹೊತ್ತು ಹೊರದೇಶದ ಮಾತಾಯಿತು. ಈ ಚರಿತ್ರೆಯಲ್ಲಿ ನಮ್ಮ ಕೊಯಮತ್ತೂರಿಗೂ ಒಂದು ಪುಟವಿದೆ. ಇಲ್ಲಿನ ಆರ್ಯ ವೈದ್ಯ ಫಾರ್ಮಸಿಯನ್ನು ಪಿ.ವಿ. ರಾಮವಾರಿಯರ್ 1943ರಲ್ಲಿ ಸ್ಥಾಪಿಸಿದರು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆಯೇ ಮಾಧವಕರರು ತಮ್ಮ ನಿದಾನ ಗ್ರಂಥದಲ್ಲಿ ಆಮವಾತವೆಂಬ ರೋಗವನ್ನು ಬೇರೆಯಾಗಿ ವಿವರಿಸಿದ್ದರು. ಅಂಥ ರೋಗಿಗಳಿಗೆ ಆಯುರ್ವೇದ ಚಿಕಿತ್ಸೆ ಕೊಟ್ಟು, ಫಲವನ್ನು ಆಧುನಿಕ ಕ್ರಮದಲ್ಲಿ ಅಳೆದು ಬರೆದಿಡುವ ಕೆಲಸ 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ಇಲ್ಲಿ ಆರಂಭವಾಯಿತು. ರಾಮವಾರಿಯರ್ ಅವರ ಮಗ, 2020ರಲ್ಲಿ ತೀರಿಕೊಂಡ ಪಿ.ಆರ್. ಕೃಷ್ಣಕುಮಾರ್ ಇದರ ಹಿಂದೆ ನಿಂತವರು. ಫಲ ಒಳ್ಳೆಯದೇ ಎಂದು ಕಂಡಿತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ ಎಂಬ ಆಕ್ಷೇಪ ಉಳಿಯಿತು. ಆಕ್ಷೇಪ ನ್ಯಾಯವಾದದ್ದೇ.

ಅದನ್ನು ತೀರಿಸಲು ಅಮೆರಿಕದ ಡೇನಿಯಲ್ ಫರ್ಸ್ಟ್ ಎಂಬ ಕೀಲುವಾತ ತಜ್ಞರ ಜೊತೆ ಸೇರಿ ಇನ್ನೊಂದು ಪ್ರಯೋಗ ನಡೆಸಿದರು. ಫಲ 2011ರಲ್ಲಿ ಪ್ರಕಟವಾಯಿತು. ಆರಿಸಿಕೊಂಡ 43 ರೋಗಿಗಳೂ ರಕ್ತದಲ್ಲಿ ಪ್ರತಿಕಾಯ ಕಂಡವರು. ವಾಲರ್ ಚೆಲ್ಲದೆ ಉಳಿಸಿಕೊಂಡ ಆ ಗುರುತೇ ಇಲ್ಲಿ ಪ್ರವೇಶಪತ್ರವಾಯಿತು ಅನ್ನಬಹುದು. ಒಂದು ಗುಂಪಿಗೆ ಮೆಥೊಟ್ರೆಕ್ಸೇಟ್ ಮಾತ್ರೆ, ಒಂದಕ್ಕೆ ಆಯುರ್ವೇದ, ಮೂರನೆಯದಕ್ಕೆ ಎರಡೂ. ಯಾರಿಗೆ ಯಾವುದು ನಿಜ, ಯಾವುದು ಹುಸಿ ಎಂದು ರೋಗಿಗೂ ತಿಳಿಯದು, ಅಳೆಯುವ ಡಾಕ್ಟರಿಗೂ ತಿಳಿಯದು. ಹುಸಿ ಔಷಧ ಮಾಡಿದವರ ಕೈಚಳಕವನ್ನು ಮೆಚ್ಚಬೇಕು. 36 ವಾರದ ಕೊನೆಗೆ ಮೂರು ಗುಂಪುಗಳ ಫಲದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆಯುರ್ವೇದ ಮಾತ್ರ ಕೊಂಡವರಲ್ಲಿ ಅಡ್ಡಪರಿಣಾಮ ಕಡಿಮೆ ಇತ್ತು. ಆದರೆ 43 ಜನರಿಂದ ತೀರ್ಪು ಹೇಳಲಾಗದು, ಇದು ಮುನ್ನೋಟದ ಪ್ರಯೋಗ ಎಂದು ಮಾಡಿದವರೇ ಬರೆದಿದ್ದಾರೆ. ಇದನ್ನು ತೋರಿಸಿ ಯಾರಾದರೂ ಡಾಕ್ಟರರ ಮಾತ್ರೆ ಬಿಡಿ ಎಂದರೆ ನಂಬಬೇಡಿ. ಮುಡಕ್ಕತ್ತಾನ್ ಸೊಪ್ಪಿನ ದೋಸೆ ನಮ್ಮ ಮನೆಯಲ್ಲೂ ಮಾಡುತ್ತೇವೆ, ರುಚಿಯಾಗಿರುತ್ತದೆ, ಎಲುಬು ತಿನ್ನುವ ರೋಗವನ್ನು ಅದು ತಡೆಯುತ್ತದೆಂದು ನಾನು ಹೇಳಲಾರೆ.

ಆ ಮೆಥೊಟ್ರೆಕ್ಸೇಟಿನ ಮೂಲವೂ ನಮ್ಮ ಕಡೆಯದೇ. 1940ರ ದಶಕದಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರದಲ್ಲಿ ಹುಟ್ಟಿ ಮದರಾಸಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕಕ್ಕೆ ಹೋಗುವ ಮುಂಚೆ ಅವರು ಮದರಾಸಿನ ಒಂದು ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಮಕ್ಕಳ ರಕ್ತದ ಕ್ಯಾನ್ಸರಿಗೆಂದು ಬಳಕೆಗೆ ಬಂದ ಆ ಬಗೆಯ ಔಷಧವನ್ನು ಅಮೆರಿಕ ಸರಕಾರ 1988ರಲ್ಲಿ ಕೀಲುವಾತಕ್ಕೂ ಒಪ್ಪಿತು. ಅದನ್ನು ಕೊಳ್ಳುವವರಿದ್ದರೆ ಒಂದು ಮಾತು ನೆನಪಿಡಿ: ಇದು ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನವೂ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಬಸಿರು ಬಯಸುವ ಹೆಂಗಸರು ಡಾಕ್ಟರಿಗೆ ಮುಂಚೆಯೇ ಹೇಳಬೇಕು.

1992ರಲ್ಲಿ ಲಂಡನ್ನಿನಲ್ಲಿ ಮೈನಿ ಮತ್ತು ಫೆಲ್ಡ್‌ಮನ್ ಪ್ರಯೋಗಶಾಲೆಯಲ್ಲಿ ತಯಾರಾದ ಪ್ರತಿಕಾಯವನ್ನೇ ಚುಚ್ಚಿ ಕೀಲುವಾತವನ್ನು ತಗ್ಗಿಸಿದರು. ಉರಿಯೂತವನ್ನು ಸಾರುವ ಟಿ.ಎನ್.ಎಫ್. ಎಂಬ ವಸ್ತುವನ್ನು ಅದು ಹಿಡಿದುಹಾಕುತ್ತದೆ. ರೋಗಕ್ಕೆ ಕಾರಣವಾದ ಜಾತಿಯದೇ ಔಷಧವೂ ಆಯಿತು. ಬೆಲೆ ಮಾತ್ರ ಮಗ್ಗದ ಮನೆಗಳಿಗೆ ಎಟುಕುವಂಥದಲ್ಲ.

ನಮ್ಮ ಹುಡುಗಿಯ ಮಾತು ಅಲ್ಲೇ ಬಿಟ್ಟಿದ್ದೆ. ಅವಳನ್ನು ಕೀಲುವಾತ ತಜ್ಞರೊಬ್ಬರ ಬಳಿಗೆ ಕರೆದೊಯ್ದೆ. ಅವರು ಚೀಟಿಯನ್ನು ಓದಿ ಬದಿಗಿಟ್ಟರು. ಮುಂಜಾನೆ ಎದ್ದಾಗ ಬೆರಳು ಒಂದು ಗಂಟೆ ಬಿಗಿಯಾಗಿರುತ್ತದೆಯೇ, ಎರಡೂ ಕೈಗಳ ಗೆಣ್ಣು ಬಾತಿವೆಯೇ ಎಂದು ಕೇಳಿದರು, ಒಂದೊಂದೇ ಗೆಣ್ಣನ್ನು ಒತ್ತಿ ನೋಡಿದರು. ಸಿ.ಸಿ.ಪಿ. ಬರೆದುಕೊಟ್ಟರು, ನೆಗೆಟಿವ್ ಬಂತು. ಜ್ವರದ ನೋವು ಉಳಿದಿದೆ ಅಷ್ಟೆ, ಗೆಣ್ಣು ಬಾತರೆ ಮಾತ್ರ ತಡಮಾಡದೆ ಬನ್ನಿ ಎಂದರು. ಎರಡು ತಿಂಗಳಲ್ಲಿ ನೋವು ಹೋಯಿತು. ಆ ಕಾಗದಗಳನ್ನೆಲ್ಲ ಹಿಡಿದು ಗಂಡಿನ ಮನೆಗೆ ಹೋದಾಗ, ಅವರು ಬೇರೆ ಕಡೆ ತಾಂಬೂಲ ಬದಲಾಯಿಸಿಕೊಂಡಾಗಿತ್ತು. ಕಾಫಿ ಕೊಟ್ಟರು, ಕುಡಿದು ಬಂದೆವು.