ಹಳೆಯ ಕಾರುಗಳ ಏಸಿ ದುರಸ್ತಿ
1990ರ ದಶಕದ ಆರಂಭದವರೆಗೆ ಕಾರುಗಳ ಏಸಿಯಲ್ಲಿ ಬಳಕೆಯಲ್ಲಿದ್ದದ್ದು ಆರ್-12 ಅನಿಲ. ಅದು ಓಜೋನ್ ಪದರಕ್ಕೆ ಮಾರಕವಾದ್ದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಹಂತಹಂತವಾಗಿ ನಿಂತು, ಆರ್-134ಎ ಬಂತು. ಆದರೆ ಬರೀ ಅನಿಲ ಬದಲಿಸಿದರೆ ಸಾಲದು. ಹಳೆಯ ಖನಿಜ ಎಣ್ಣೆ ಹೊಸ ಅನಿಲದೊಂದಿಗೆ ಬೆರೆಯುವುದಿಲ್ಲ. ಎಣ್ಣೆ ತಲುಪದ ಕಂಪ್ರೆಸರ್ ಜಾಮ್ ಆಗುತ್ತದೆ. ಆದ್ದರಿಂದ ಪೈಪುಗಳನ್ನು ತೊಳೆದು ಎಸ್ಟರ್ ಎಣ್ಣೆ ಹಾಕಬೇಕು, ಗಡಸಾದ ಓ-ರಿಂಗ್‌ಗಳನ್ನೂ ತೇವ ಹೀರುವ ಡ್ರೈಯರನ್ನೂ ಬದಲಿಸಬೇಕು. ಜೋಡಣೆಯ ಸುತ್ತ ಧೂಳು ಮೆತ್ತಿದ ಜಿಡ್ಡು ಕಂಡರೆ ಸೋರಿಕೆ ಬಹುಪಾಲು ಅಲ್ಲೇ. ಜನರಲ್ ಮೋಟರ್ಸ್‌ನ 1960ರ ದಶಕದ ಎ6 ಕಂಪ್ರೆಸರ್ ಭಾರವಾದರೂ ಗಟ್ಟಿಮುಟ್ಟು; ಅಂಥದ್ದನ್ನು ಕಿತ್ತೆಸೆಯುವುದಕ್ಕಿಂತ ಸೀಲು ಬದಲಿಸಿ ಉಳಿಸಿಕೊಳ್ಳುವುದು ಮೇಲು. ಉಳಿದ ಹಳೆಯ ಅನಿಲವನ್ನು ಗಾಳಿಗೆ ಬಿಡಬೇಡಿ. ಯಂತ್ರದ ಮೂಲಕ ಸಿಲಿಂಡರಿಗೆ ತುಂಬಿಸಿ.