ಮಕ್ಕಳ ಜಠರದ ಹೆಲಿಕೋಬ್ಯಾಕ್ಟರ್ ಸೋಂಕು: ಚಿಕಿತ್ಸೆ ಬೆಳೆದು ಬಂದ ಬಗೆ

ಮಕ್ಕಳನ್ನು ತಿಂಗಳುಗಟ್ಟಲೆ ಕಾಡುವ, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವನ್ನು ವ್ಯವಸ್ಥಿತವಾಗಿ ಅಭ್ಯಸಿಸಿದವರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯ ಜಾನ್ ಆ್ಯಪ್ಲಿ ಪ್ರಮುಖರು. 1958ರಲ್ಲಿ ಪ್ರಕಟವಾದ, 1000 ಶಾಲಾಮಕ್ಕಳನ್ನು ಒಳಗೊಂಡ ಅವರ ಸಮೀಕ್ಷೆಯಲ್ಲಿ ಸುಮಾರು ಹತ್ತರಲ್ಲೊಂದು ಮಗುವಿಗೆ ಇಂಥ ನೋವಿರುವುದು ತಿಳಿದುಬಂದಿತಾದರೂ, ಆ ಮಕ್ಕಳಲ್ಲಿ ಹೆಚ್ಚಿನವರ ದೇಹದಲ್ಲಿ ಅದಕ್ಕೆ ತಕ್ಕ ರೋಗವೇನೂ ಪತ್ತೆಯಾಗಲಿಲ್ಲ. ಮುಂದೆ ಜಠರದ ಬ್ಯಾಕ್ಟೀರಿಯವೊಂದು ಬೆಳಕಿಗೆ ಬಂದಾಗ ಮಕ್ಕಳ ವೈದ್ಯರಲ್ಲಿ ಮೂಡಿದ ನಿರೀಕ್ಷೆಗೆ ಈ ಉತ್ತರವಿಲ್ಲದ ಪ್ರಶ್ನೆಯೇ ಹಿನ್ನೆಲೆಯಾಗಿತ್ತು.

ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಈ ಸುರುಳಿಯಾಕಾರದ ಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸುವಲ್ಲಿ ಯಶಸ್ವಿಯಾದರು. 1989ರಲ್ಲಿ ಅದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರು ನಿಂತಿತು. ಮಕ್ಕಳ ಮಟ್ಟಿಗೆ ನಿರ್ಣಾಯಕವೆನಿಸಿದ್ದು ಕೆನಡದ ಟೊರಾಂಟೊದಲ್ಲಿ ಬ್ರೆಂಡನ್ ಡ್ರಮ್ ಮತ್ತು ಸಹೋದ್ಯೋಗಿಗಳು ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ. ಎಂಡೋಸ್ಕೋಪಿಯ ಮೂಲಕ, ಅಂದರೆ ಬಾಯಿಯಿಂದ ಇಳಿಬಿಟ್ಟ ದರ್ಶಕನಳಿಕೆಯ ನೆರವಿನಿಂದ, ಜಠರದ ಒಳಪೊರೆಯ ಚೂರುಗಳನ್ನು ತೆಗೆದು ಪರೀಕ್ಷಿಸಿದ ಅವರು, ಬೇರೆ ಕಾರಣ ಕಾಣದ ಉರಿಯೂತವಿದ್ದ ಮಕ್ಕಳಲ್ಲಿ ಈ ಬ್ಯಾಕ್ಟೀರಿಯವನ್ನು ಗುರುತಿಸಿದರು. ಬೇರೊಂದು ಕಾಯಿಲೆಯಿಂದ ಉರಿಯೂತವುಂಟಾಗಿದ್ದ ಮಕ್ಕಳಲ್ಲಿ ಅದು ಕಾಣಲಿಲ್ಲ. ಹೀಗಾಗಿ, ಈಗಾಗಲೇ ಕೆಟ್ಟ ಜಠರದಲ್ಲಿ ಅದು ಸುಮ್ಮನೆ ಬಂದು ನೆಲೆಸುತ್ತದೆಂಬ ವಾದ ದುರ್ಬಲವಾಯಿತು.

ಸೋಂಕನ್ನು ನಿರ್ಮೂಲಗೊಳಿಸಿದರೆ ಮಕ್ಕಳ ಸಣ್ಣಕರುಳಿನ ಮೊದಲ ಭಾಗದ ಹುಣ್ಣು ಮರುಕಳಿಸುವುದು ತೀರ ವಿರಳವಾಗುತ್ತದೆಂಬುದು ಸ್ಥಿರಪಟ್ಟಿತು. ಹುಣ್ಣಿಲ್ಲದ, ಬರಿಯ ನೋವಿನಿಂದ ಬಳಲುವ ಮಕ್ಕಳ ವಿಷಯದಲ್ಲಿ ಮಾತ್ರ ನಿರೀಕ್ಷೆ ಕೈಗೂಡಲಿಲ್ಲ. ಅಂದಿನವರೆಗಿನ ಅಧ್ಯಯನಗಳನ್ನು 1995ರಲ್ಲಿ ಒಟ್ಟಾಗಿ ಪರಿಶೀಲಿಸಿದ ಕೆನಡದ ಸಂಶೋಧಕರಿಗೆ ಈ ಸೋಂಕಿಗೂ ಆ್ಯಪ್ಲಿ ವಿವರಿಸಿದ ಬಗೆಯ ಹೊಟ್ಟೆನೋವಿಗೂ ಗಟ್ಟಿಯಾದ ಸಂಬಂಧ ಕಾಣಲಿಲ್ಲ. ಮಕ್ಕಳ ಚಿಕಿತ್ಸೆಯ ಚರಿತ್ರೆಯಲ್ಲಿ ಯಾವುದೇ ಹೊಸ ಔಷಧದ ಆಗಮನಕ್ಕಿಂತ ಈ ನಕಾರಾತ್ಮಕ ಫಲಿತಾಂಶವೇ ಹೆಚ್ಚು ಮಹತ್ವದ್ದೆಂದು ಹೇಳಬೇಕಾಗುತ್ತದೆ, ಏಕೆಂದರೆ ಯಾವ ಮಗುವಿಗೆ ಚಿಕಿತ್ಸೆ ಬೇಕು ಎಂಬ ಪ್ರಶ್ನೆಯನ್ನು ಅದು ಮುನ್ನೆಲೆಗೆ ತಂದಿತು.

ಔಷಧಗಳು ದೊಡ್ಡವರ ಚಿಕಿತ್ಸೆಯಿಂದಲೇ ಬಂದವು. ಜಠರಾಮ್ಲದ ಸ್ರಾವವನ್ನು ತಗ್ಗಿಸುವ ಒಮೆಪ್ರಜೋಲ್‌ನಂಥ ಔಷಧದ ಜೊತೆಗೆ ಅಮಾಕ್ಸಿಸಿಲಿನ್ ಹಾಗೂ ಕ್ಲಾರಿತ್ರೋಮೈಸಿನ್ ಅಥವಾ ಮೆಟ್ರೊನಿಡಜೋಲ್ ಕೊಡುವ ತ್ರಿವಳಿ ಚಿಕಿತ್ಸೆ 1990ರ ದಶಕದಲ್ಲಿ ರೂಢಿಯಾಯಿತು. ಆದರೆ ಎಳೆಯ ಮಕ್ಕಳ ದೇಹವು ಆಮ್ಲ ತಗ್ಗಿಸುವ ಔಷಧವನ್ನು ಬೇಗ ವಿಘಟಿಸುವುದರಿಂದ ತೂಕಕ್ಕೆ ಹೋಲಿಸಿದರೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ದೊಡ್ಡವರಿಗೆ ಕೊಡುವ ಟೆಟ್ರಸೈಕ್ಲಿನ್ ಎಂಬ ಇನ್ನೊಂದು ಔಷಧವು ಹಲ್ಲಿನ ಬಣ್ಣ ಕೆಡಿಸುವುದರಿಂದ ಎಂಟು ವರ್ಷದೊಳಗಿನವರಿಗೆ ಅದು ಸಲ್ಲದು. ಔಷಧ ನಿರೋಧ, ಅಂದರೆ ಬ್ಯಾಕ್ಟೀರಿಯ ಔಷಧಕ್ಕೆ ಬಗ್ಗದಂತಾಗುವುದು, ಇವೆಲ್ಲಕ್ಕಿಂತ ದೊಡ್ಡ ತೊಡಕಾಯಿತು. ಉಸಿರಾಟದ ಸೋಂಕುಗಳಿಗೆಂದು ಕ್ಲಾರಿತ್ರೋಮೈಸಿನ್ ವರ್ಗದ ಔಷಧಗಳನ್ನು ಪದೇ ಪದೇ ಪಡೆದ ಮಕ್ಕಳಲ್ಲಿ ಅದು ಹೆಚ್ಚಿತು. ಭೇದಿಗೆ ಮೆಟ್ರೊನಿಡಜೋಲನ್ನು ಧಾರಾಳವಾಗಿ ಬಳಸುವ ಭಾರತದಲ್ಲಿ ಆ ಔಷಧಕ್ಕೂ ನಿರೋಧ ವ್ಯಾಪಕವಾಗಿದೆ.

ಯುರೋಪು ಮತ್ತು ಉತ್ತರ ಅಮೆರಿಕಗಳ ಮಕ್ಕಳ ಜಠರರೋಗ ತಜ್ಞರ ಸಂಘಗಳು 2011ರಲ್ಲಿ ಜಂಟಿಯಾಗಿ ಪ್ರಕಟಿಸಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಈ ಅನುಭವವನ್ನೆಲ್ಲ ಒಳಗೊಂಡಿತು. ಬ್ಯಾಕ್ಟೀರಿಯ ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿದು 14 ದಿನಗಳ ಚಿಕಿತ್ಸೆ ನೀಡಬೇಕು, ಅದು ಮುಗಿದು ಕನಿಷ್ಠ ನಾಲ್ಕು ವಾರಗಳಾದ ಮೇಲೆ ಉಸಿರು ಅಥವಾ ಮಲದ ಪರೀಕ್ಷೆಯಿಂದ ಫಲಿತಾಂಶವನ್ನು ಖಚಿತಪಡಿಸಿಕೊಳ್ಳಬೇಕು ಎಂದು ಅದು ಸೂಚಿಸಿತು. ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆಯೊಂದನ್ನೇ ನಂಬಿ ಮಗುವಿಗೆ ಈ ಔಷಧಗಳನ್ನು ಆರಂಭಿಸುವುದನ್ನು ಅದು ಒಪ್ಪಲಿಲ್ಲ.