ಬಂಜೆ, ಬಂಜೆತನ

‘ಸಂಧ್ಯೆ’ ಸಂಜೆಯಾದ ಹಾದಿಯಲ್ಲೇ ಸಂಸ್ಕೃತದ ‘ವಂಧ್ಯೆ’ ಕನ್ನಡದಲ್ಲಿ ‘ಬಂಜೆ’ಯಾಯಿತು. ಪದ ಮಾತ್ರ ಹೆಣ್ಣಿಗೇ ಅಂಟಿಕೊಂಡಿತು. ಗಂಡಸಿಗಿದ್ದ ‘ಷಂಡ’, ‘ನಪುಂಸಕ’ ಎಂಬವು ಮಕ್ಕಳಾಗದ್ದನ್ನಲ್ಲ, ಗಂಡಸುತನವನ್ನೇ ಹಂಗಿಸುವ ಮಾತುಗಳು.

ಆಮೇಲೆ ವೈದ್ಯಕೀಯ ಬರಹಗಾರರು ‘ತನ’ ಪ್ರತ್ಯಯ ಹಚ್ಚಿದ ಪದವನ್ನು ಗಂಡಿಗೂ ಹೊಂದಿಸಿ ‘ಪುರುಷ ಬಂಜೆತನ’ ಎಂದರು.

ತೆಲುಗಿನಲ್ಲಿ ಇದಕ್ಕೆ ‘ಸಂತಾನಲೇಮಿ’ ಎನ್ನುತ್ತಾರೆ. ‘ಲೇಮಿ’ ಎಂದರೆ ಇಲ್ಲದಿರುವಿಕೆ. ಗಂಡು ಹೆಣ್ಣೆಂಬ ಭೇದ ಆ ಪದಕ್ಕಿಲ್ಲ. ಚಿಕಿತ್ಸೆ ಕೊಡುವ ಜಾಗ ‘ಸಂತಾನ ಸಾಫಲ್ಯ ಕೇಂದ್ರ’. ಕನ್ನಡದಲ್ಲೂ ‘ಸಂತಾನಹೀನತೆ’ ಬಳಕೆಯಲ್ಲಿದೆ.

ಪದಗಳಿಂದ ಕಾರಣಗಳಿಗೆ ಬಂದರೆ, ಪುರುಷ ಬಂಜೆತನದ ಸಾಮಾನ್ಯ ಕಾರಣಗಳಲ್ಲೊಂದು ವೆರಿಕೋಸೀಲ್. ಲ್ಯಾಟಿನ್ನಿನ ‘ವೇರಿಕ್ಸ್’ ಎಂದರೆ ಉಬ್ಬಿದ ರಕ್ತನಾಳ, ಗ್ರೀಕಿನ ‘ಕೀಲೆ’ ಎಂದರೆ ಬಾವು. ವೃಷಣದಿಂದ ರಕ್ತವನ್ನು ಮರಳಿ ಒಯ್ಯುವ ಅಭಿಧಮನಿಗಳು, ಹೆಚ್ಚಾಗಿ ಎಡಗಡೆಯವು, ಊದಿಕೊಂಡಾಗ ಅಲ್ಲಿ ಶಾಖ ಏರುತ್ತದೆ; ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಕುಗ್ಗಬಹುದು. ಸುಮಾರು 15% ಗಂಡಸರಲ್ಲಿ ಇದಿದ್ದರೂ ಬಹುಪಾಲು ಮಂದಿಗೆ ಮಕ್ಕಳಾಗುತ್ತವೆ.

ವೀರ್ಯ ಪರೀಕ್ಷೆಯಲ್ಲಿ ದೋಷ ಕಂಡವರಿಗೆ ಸೂಕ್ಷ್ಮದರ್ಶಕದಡಿ ಆ ನಾಳಗಳನ್ನು ಕಟ್ಟುವ ಶಸ್ತ್ರಚಿಕಿತ್ಸೆಯುಂಟು. ಹೊಸ ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳು ಬೇಕಾದ್ದರಿಂದ ಮರುಪರೀಕ್ಷೆ ಸಾಮಾನ್ಯವಾಗಿ 3 ತಿಂಗಳ ಬಳಿಕ.